ಕೆಂಪು ಫೋರ್ಕಿನ ಕಪ್ಪು ನೀರು

ಸುಕನ್ಯಾಳಿಗೆ ಕಾರ್ಬನ್ ಅಂದರೆ ಒಂದೇ, ಎರಡು ಹಾಳೆಗಳ ನಡುವೆ ಇಡುವ ಕರಿ ಕಾಗದ. ಹಲಸೂರಿನ ಟೈಪಿಂಗ್ ಶಾಲೆಯಲ್ಲಿ ಹುಡುಗಿಯರ ಬೆರಳು ತಿದ್ದುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು. ಮಗಳು ಬೃಂದಾ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸೈಕಲ್ ಫೋರ್ಕನ್ನು, ಅಂದರೆ ಮುಂದಿನ ಚಕ್ರ ಹಿಡಿದುಕೊಳ್ಳುವ ಕವಲನ್ನು, ತೋರಿಸಿ "ಇದು ಕಾರ್ಬನ್ ಅಮ್ಮ" ಎಂದಾಗ ಅವಳು ಎತ್ತಿ ನೋಡಿ, "ಕಾಗದದ್ದೇ ಇರ್ಬೇಕು, ತೂಕಾನೇ ಇಲ್ವಲ್ಲೇ" ಎಂದಳು.

ಫೋರ್ಕಿನ ಕೆಂಪು ಬಣ್ಣದ ಮೇಲೆ ಕೂದಲೆಳೆಯಂಥ ಗೀರು. ಬಣ್ಣವಷ್ಟೇ ಬಿರಿದಿದ್ದರೆ ಚಿಂತೆಯಿಲ್ಲ. ಒಳಗೂ ಬಿರಿದಿದ್ದು, ಭಾನುವಾರದ ಸೈಕಲ್ ರೇಸಿನಲ್ಲಿ ನಂದಿಬೆಟ್ಟ ಇಳಿಯುವಾಗ ಮುರಿದರೆ ಬೃಂದಾಳ ಗತಿ ಏನು? ಅಲ್ಲಿಷ್ಟು ಬಣ್ಣ ತೆಗೆದು ನೋಡಲೇಬೇಕು.

ಕೆಳಮನೆಯ ಹಮೀದಾ ಶಿವಾಜಿನಗರದ ಶೆಡ್ಡಿನಲ್ಲಿ ಗಂಡನ ಜೊತೆ ಕಾರುಗಳಿಗೆ ಬಣ್ಣ ಹೊಡೆಯುವವಳು. ಕೇಳುವ ಮೊದಲೇ ಪೇಂಟ್ ರಿಮೂವರ್ ಡಬ್ಬಿ ಹಿಡಿದು ಮಹಡಿ ಹತ್ತಿ ಬಂದಳು.

"ಅದು ಬೇಡ ಆಂಟಿ," ಎಂದಳು ಸೈಬರ್ ಸೆಂಟರಿನಲ್ಲಿ ಓದಿಕೊಂಡು ಬಂದಿದ್ದ ಬೃಂದಾ. "ಕಾರ್ಬನ್ ಎಳೆಗಳನ್ನ ಹಿಡಿದಿರೋ ಅಂಟೂ ಕರಗ್ಬಿಡುತ್ತೆ. ನೀರು ಹಾಕಿ ಕೈಯಲ್ಲೇ ಉಜ್ಬೇಕು. ಕೆಂಪಿನ ಕೆಳಗಿರೋ ಬೂದು ಪ್ರೈಮರ್ ಕಂಡ್ರೆ ಮೆಲ್ಲಗೆ. ನೀರು ಕಪ್ಪಾದ್ರೆ ನಿಲ್ಲಿಸ್ಬಿಡ್ಬೇಕು, ಎಳೇನೇ ಸವೀತಿದೆ ಅಂತ."

"ಯಾ ಅಲ್ಲಾ, ಸೈಕಲ್ಲಾ ಇದು, ಜರಿ ಸೀರೆನಾ?"

ಉಜ್ಜುವ ಪೇಪರ್ ತರಲು ಸುಕನ್ಯಾ ಹೊರಟಳು. ಮಾಮೂಲಿ ಸ್ಟೇಷನರಿ ಅಂಗಡಿಯಲ್ಲಿ "ಕಾರ್ಬನ್‌ಗೆ ಪೇಪರ್ ಕೊಡಿ" ಎಂದಳು. ಅಂಗಡಿಯವನು ಕಾರ್ಬನ್ ಪೇಪರ್ ಕೊಟ್ಟ. ಪರಿಚಯದ ಪೊಟ್ಟಣವಾದ್ದರಿಂದ ಅವಳಿಗೂ ಅನುಮಾನ ಬರಲಿಲ್ಲ. ಮನೆಗೆ ಬಂದು ಒಂದು ಹಾಳೆ ಬಿಡಿಸಿ, ಫೋರ್ಕಿಗೆ ತಿಕ್ಕಿಯೂ ತಿಕ್ಕಿದಳು.

ಬೃಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಫೋರ್ಕಿಂದು ಮೂರು ಕಾಪಿ ತೆಗೀತೀಯೇನಮ್ಮಾ?"

ಹಮೀದಾ ನಗಲಿಲ್ಲ. ಕೆಳಗೆ ಹೋಗಿ ವಾಟರ್ ಪೇಪರ್ ತಂದಳು, ನೀರಿನಲ್ಲಿ ನೆನೆಸಿ ಉಜ್ಜುವಂಥದ್ದು. ಅದನ್ನು ನೆನೆಹಾಕಿ, ಹೊಸ ಹಾಳೆಯ ಬಿರುಸು ಹೋಗುವ ತನಕ ತಾನೇ ಕೈಯಲ್ಲಿ ಮಡಚಿ ಬಿಚ್ಚಿ ಮೆತ್ತಗೆ ಮಾಡಿ ಕೊಟ್ಟಳು. ಧೂಳು ಹೋಗದಿರಲೆಂದು ಸುಕನ್ಯಾಳ ಮೂಗಿಗೆ ಒಂದು ಮಾಸ್ಕನ್ನೂ ಕಟ್ಟಿದಳು.

ಬೃಂದಾ ಕಾಲೇಜಿಗೆ ಹೋದಳು. ಸುಕನ್ಯಾ ಉಜ್ಜಿದಳು. ಕೆಂಪು ನೀರು ಇಳಿಯಿತು, ಆಮೇಲೆ ಬೂದು. ಆಮೇಲೆ ಕಪ್ಪು.

"ಹಮೀದಾ! ಎಳೆ ಸವೆಸ್ಬಿಟ್ಟೆ ಕಣೇ!"

ಓಡಿ ಬಂದ ಹಮೀದಾ ಫೋರ್ಕು ನೋಡಿದಳು, ಸುಕನ್ಯಾಳ ಬೆರಳು ನೋಡಿದಳು. ಅವೂ ಕಪ್ಪಗಿದ್ದವು. "ಅಕ್ಕಾ, ಇದು ಫೋರ್ಕಿನ ಕಪ್ಪಾ, ನಿಮ್ಮ ಕಾರ್ಬನ್ ಪೇಪರಿಂದಾ?"

ಇಬ್ಬರೂ ಸೇರಿ ಕೈಯನ್ನೂ ಫೋರ್ಕನ್ನೂ ಸೋಪು ಹಾಕಿ ತೊಳೆದರು. ಹಮೀದಾ ಬಿಳಿ ಬಟ್ಟೆಯಿಂದ ಒರೆಸಿದಳು. ಬಟ್ಟೆ ಕಪ್ಪಾಗಲಿಲ್ಲ, ಬೆಳ್ಳಗೂ ಉಳಿಯಲಿಲ್ಲ. ಗೀರೋ, ಬಿಸಿಲಿಗೆ ಹಿಡಿದರೆ ಇತ್ತು, ನೆರಳಿಗೆ ತಂದರೆ ಇರಲಿಲ್ಲ.

ಸಂಜೆ ಬೃಂದಾ ಬಂದು ಅದೇ ಜಾಗದಲ್ಲಿ ನಾಣ್ಯದಿಂದ ತಟ್ಟಿದಳು. "ಗಟ್ಟಿ ಇದ್ರೆ ಟಕ್ ಅನ್ನುತ್ತೆ. ಒಳಗೆ ಪದರ ಬಿಟ್ಕೊಂಡಿದ್ರೆ ಡಬ್."

"ಡಬ್," ಎಂದಳು ಸುಕನ್ಯಾ.

"ಟಕ್ಕೇ," ಎಂದಳು ಹಮೀದಾ. "ನಿಮಗೆ ಭಯ ಅಕ್ಕಾ, ಅದಕ್ಕೇ ಡಬ್ ಕೇಳ್ಸತ್ತೆ."

"ನಿನಗೆ ನನ್ ಮೇಲೆ ಕನಿಕರ, ಅದಕ್ಕೇ ಟಕ್ಕು."

ಬೃಂದಾ ಕಿವಿಯಾನಿಸಿ ಮತ್ತೆ ಮತ್ತೆ ತಟ್ಟಿದಳು. "ನಂಗೆ ಎರಡೂ ಕೇಳ್ತಿದೆ." ಅಟ್ಟದ ಮೇಲಿಂದ ಸೈಕಲ್ಲಿನ ಹಳೆಯ ಕಬ್ಬಿಣದ ಫೋರ್ಕು ಇಳಿಸಿದಳು. "ಇದನ್ನೇ ಹಾಕ್ತೀನಿ. ಭಾರ. ಕೊನೇಲಿ ಬರ್ತೀನಿ, ಅಷ್ಟೆ."

"ಚೆನ್ನಾಗಿದ್ದಿದ್ದನ್ನ ನಾನೇ ಹಾಳು ಮಾಡಿದ್ನೇನೇ?"

"ಗೊತ್ತಿಲ್ಲಮ್ಮ. ಮೊದಲೇ ಹಾಳಾಗಿತ್ತೋ ಏನೋ. ಬಾ, ಇಲ್ಲಿ ಹಿಡ್ಕೋ, ಅಲ್ಲಾಡಿಸ್ಬೇಡ."

ಅಳಬೇಕೋ ನಿರಾಳವಾಗಬೇಕೋ ಸುಕನ್ಯಾಳಿಗೆ ತಿಳಿಯಲಿಲ್ಲ. ಮಗಳು ಬೋಲ್ಟು ಬಿಗಿಯುವ ತನಕ ಕಬ್ಬಿಣವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.