ನಮ್ಮೂರ ನೀರಿನ ಸಾಲು

ಹಂಚು ಕಾಯಲು ಇಟ್ಟು ಆ ಸಾಲನ್ನು ಅಳಿಸಿದ್ದೆ. ಮೊದಲ ರೊಟ್ಟಿ ಉಬ್ಬುವಷ್ಟರಲ್ಲಿ ಅದು ಮತ್ತೆ ಬಂದು ಕೂತಿತ್ತು.

"ಈ ಊರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ."

ಮೊಬೈಲಿಗೆ ಮೆತ್ತಿದ್ದ ಜೋಳದ ಹಿಟ್ಟನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ಓದಿದೆ. ಮೈದುನ ತಿರುಮಲೇಶನಿಗೆ ಹೆಣ್ಣು ಕೊಡುವವರು ಅವತ್ತು ಮಧ್ಯಾಹ್ನ ಮನೆ ನೋಡಲು ಬರುವವರಿದ್ದರು. ಹುಡುಗಿ ಅಂಜಲಿ ಗಂಗಾವತಿ ಕಡೆಯವಳು, ಓದಿದವಳು. ಮೊಬೈಲಿನಲ್ಲಿ ನಮ್ಮೂರಿನ ಹೆಸರು ಹೊಡೆದರೆ ಮೊದಲು ಬರುವುದೇ ವಿಕಿಪೀಡಿಯದ ಈ ಪುಟ. ಹಿಂದೆ ಬಂದಿದ್ದ ಸಂಬಂಧಗಳೆಲ್ಲ ಅದನ್ನು ನೋಡಿಯೇ ಮುರಿದುಬಿದ್ದಿದ್ದವು.

ಅದು ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಟ. ಹೀಗೆಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. "ಸರಕಾರದವ್ರು ಬರದಿರ್ತಾರ" ಎಂದು ಕೈ ಝಾಡಿಸುತ್ತಾರೆ. ಸರಕಾರವೂ ಇಲ್ಲ, ಏನೂ ಇಲ್ಲ. ಬರೆದವಳು ನಾನೇ, ಈ ಮನೆಯ ಸೊಸೆ ಅಮೃತಾ. ಗಂಗಾವತಿಯಲ್ಲಿ ಬಿ.ಎ. ಓದುವಾಗ ಕಾಲೇಜಿನ ಶಿಬಿರವೊಂದರಲ್ಲಿ ಇದನ್ನು ಕಲಿತಿದ್ದೆ. ಹೋದ ವರ್ಷ ಮಗಳು ಹುಲಗೆಮ್ಮಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಕಲೆ ಹೊತ್ತೇ ಬಂದಾಗ ನನಗೆ ತಲೆ ಕೆಟ್ಟುಹೋಯಿತು. ಕಾಲುವೆ ನೀರು ಕುಡಿದು ಬೆಳೆದ ನನ್ನನ್ನು ಈ ಊರಿಗೆ ತರುವಾಗ ಒಬ್ಬರಾದರೂ ನೀರಿನ ಮಾತು ಎತ್ತಿರಲಿಲ್ಲ. ಸಿಟ್ಟಿನಲ್ಲಿ ನೀರಿನ ಪರೀಕ್ಷೆಯ ವರದಿ ಹುಡುಕಿ, ಅದರ ಆಧಾರ ಕೊಟ್ಟು, ಆ ಸಾಲು ಬರೆದಿದ್ದೆ. ಮುಂದೆ ಬರುವವಳಿಗಾದರೂ ಗೊತ್ತಾಗಲಿ ಎಂದು.

ಈಗ ಮುಂದೆ ಬರುವವಳು ಬಂದರೇ ನನಗೆ ಬಿಡುಗಡೆ. ಗಂಡ ವಿರುಪಣ್ಣ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಅತ್ತೆ ಪಕೀರಮ್ಮನ ಮೊಣಕಾಲು ಹಿಡಿದುಕೊಂಡಿವೆ, ಕೂತರೆ ಏಳಲಾಗುವುದಿಲ್ಲ. "ಸಣ್ಣ ಸ್ವಸಿ ಬಂದ ಮ್ಯಾಲ ನೀ ಗಂಡನ ಕಡೆ ಹೋಗವ್ವ, ನಾ ಬ್ಯಾಡ ಅನ್ನಂಗಿಲ್ಲ" ಎಂದಿದ್ದಾಳೆ. ಡಾಕ್ಟರು ಮಗಳಿಗೆ ನೀರು ಬದಲಿಸಿ ಎನ್ನುತ್ತಲೇ ಇದ್ದಾರೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಅದರ ಬಾಗಿಲಿಗೆ ಜೇಡ ಬಲೆ ಕಟ್ಟಿದೆ. ಯಲಬುರ್ಗಾದಿಂದ ಕ್ಯಾನ್ ನೀರು ಬರುವುದು ಮದುವೆ ಮುಂಜಿಗೆ ಮಾತ್ರ. ಈ ಸಂಬಂಧವೂ ತಪ್ಪಿದರೆ ನನ್ನ ಮಗಳು ಇದೇ ನೀರು ಕುಡಿಯುತ್ತ ದೊಡ್ಡವಳಾಗಬೇಕು.

ಮತ್ತೆ ಅಳಿಸಿದೆ. ಮತ್ತೆ ಬಂತು. ಹಕ್ಕಿಗೂಡು ಎಂಬ ಹೆಸರಿನವರು ಯಾರೋ ವಾಪಸು ಹಾಕುತ್ತಿದ್ದರು. ಎಲ್ಲಿಯವರೋ ಏನೋ, ಅವರಿಗೆ ಬೇರೆ ಉದ್ಯೋಗವೇ ಇರಲಿಲ್ಲ. ಪುಟದ ಚರ್ಚೆಯ ಜಾಗದಲ್ಲಿ ಒಂದು ಟಿಪ್ಪಣಿ ಬೇರೆ ಬಿಟ್ಟಿದ್ದರು. "ಈ ಸಾಲು ಬರೆದವರು ಸರಿಯಾದ ಆಧಾರ ಕೊಟ್ಟಿದ್ದಾರೆ. ತೆಗೆಯಲು ಕಾರಣವಿದ್ದರೆ ದಯವಿಟ್ಟು ತಿಳಿಸಿ. ನೀವು ಆ ಊರಿನವರಾದರೆ ನನಗಿಂತ ನಿಮಗೇ ಹೆಚ್ಚು ಗೊತ್ತಿರುತ್ತದೆ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳ ಗುಡಿಸಿದ್ದನ್ನೇ ಗುಡಿಸಿದೆ, ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಮತ್ತೆ ರುಚಿ ನೋಡಿದೆ. ಹುಲಗೆಮ್ಮಳಿಗೆ ಜಡೆ ಹಾಕುತ್ತ, "ಇವತ್ತ ಮಂದಿ ಮುಂದ ನಗಬ್ಯಾಡವ್ವ. ಬಾಯಿ ಮುಚ್ಚಿಕೊಂಡು ಕುಂದ್ರು" ಎಂದೆ. ಅವಳು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜಡೆಯ ರಿಬ್ಬನ್ ಕಟ್ಟಿದವಳೇ ಮೊಬೈಲ್ ಎತ್ತಿ ಸಾಲನ್ನು ಅಳಿಸಿ, ಕಾರಣದ ಖಾನೆಯಲ್ಲಿ ಬರೆದೆ. "ಈಗ ಶುದ್ಧ ನೀರು ಬಂದಿದೆ. ನಾನು ಈ ಊರಿನವಳು."

ಸ್ವಲ್ಪ ಹೊತ್ತಿಗೆ ಹಕ್ಕಿಗೂಡಿನ ಉತ್ತರ ಬಂತು. "ತಿಳಿಸಿದ್ದಕ್ಕೆ ಧನ್ಯವಾದ. ಸಂತೋಷದ ಸುದ್ದಿ."

ಜಗಳಕ್ಕೆ ಬಂದಿದ್ದರೆ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ನಂಬಿಬಿಟ್ಟರಲ್ಲ, ಆ ಪುಣ್ಯಾತ್ಮರ ಮೇಲೇ ನನಗೆ ಸಿಟ್ಟು ಬಂತು.

ಹುಡುಗಿಯ ತಂದೆ ಕೊಟ್ರೇಶಪ್ಪ, ಸೋದರತ್ತೆ ವಿರೂಪಾಕ್ಷಮ್ಮ ಬಂದರು. ಕಾಲಿಗೆ ನೀರು ಕೊಟ್ಟು, ಕುಡಿಯಲು ಅವತ್ತಿಗೆಂದೇ ತರಿಸಿದ್ದ ಕ್ಯಾನ್ ನೀರನ್ನು ತಂಬಿಗೆಯಲ್ಲಿ ತಂದಿಟ್ಟೆ. ವಿರೂಪಾಕ್ಷಮ್ಮ ಗಟಗಟ ಕುಡಿದು ಬಾಯಿ ಒರೆಸಿಕೊಂಡರು.

"ನೀರು ಭಾಳ ಛಲೋ ಅದಾವ ಬಿಡವ್ವ. ಖರೇ ಹೇಳ್ಬೇಕಂದ್ರ ನಮಗ ಅದ ಚಿಂತಿ ಇತ್ತು. ಹೋದ ವಾರ ನಮ್ಮ ಅಂಜಲಿ ಮೊಬೈಲ್‌ನ್ಯಾಗ ನೋಡಿ ನೀರು ಕೆಟ್ಟ ಅದಾವಂತ ಅಂದಿದ್ಲು. ಇವತ್ತ ನೋಡಿದ್ರ ಅದು ಇಲ್ಲಂತ. ಯಾರೋ ನಿಮಗ ಆಗದವ್ರು ಬರದಿರಬೇಕು."

"ಹೌದ್ರಿ, ಊರಾಗ ಹೊಟ್ಟಿಕಿಚ್ಚಿನ ಮಂದಿ ಭಾಳ" ಎಂದಳು ಅತ್ತೆ.

ಕೊಟ್ರೇಶಪ್ಪ ನಕ್ಕರು. "ತಿರುಮಲೇಶಪ್ಪನ ಹಲ್ಲು ನೋಡಿ ನಾ ಗುಟ್ಕಾ ಇರಬೇಕು ಅಂದ್ಕೊಂಡೆ. ಬಿಡ್ಸಿದ್ರಾತು, ಅದೇನು ದೊಡ್ಡದಲ್ಲ."

ಜನ್ಮದಲ್ಲಿ ಅಡಿಕೆಯನ್ನೂ ಮುಟ್ಟದ ತಿರುಮಲೇಶ ತಲೆ ತಗ್ಗಿಸಿ "ಬಿಡ್ತೀನ್ರಿ" ಎಂದ.

ಅಷ್ಟರಲ್ಲಿ ವಿರೂಪಾಕ್ಷಮ್ಮ ಹುಲಗೆಮ್ಮಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸತೊಡಗಿದರು. ಕಚಗುಳಿ ಇಟ್ಟರು. ಮಗಳು ಮೈ ಹಿಂಡಿಕೊಂಡಳು, ಕಣ್ಣಲ್ಲಿ ನೀರು ಬರುವಷ್ಟು ನಗು ತಡೆದಳು. ಎರಡೂ ಅಂಗೈ ಬಾಯಿಗೆ ಒತ್ತಿ ಹಿಡಿದಿದ್ದಳು.

"ಯಾಕ ತಂಗಿ, ನಗಾಕ ಬರಂಗಿಲ್ಲೇನು?"

ಅವಳು ಕೈ ತೆಗೆಯದೆಯೇ ಹೇಳಿದಳು. "ಇವತ್ತ ನಗಬಾರದ್ರಿ."

ಊಟಕ್ಕೆ ತಂದಿದ್ದ ತಟ್ಟೆಗಳನ್ನು ಕೆಳಗಿಟ್ಟು ಮಗಳ ಕೈ ಹಿಡಿದು ಬಾಯಿಂದ ಮೆಲ್ಲಗೆ ಇಳಿಸಿದೆ.

"ಆಗದವ್ರು ಯಾರೂ ಬರದಿಲ್ರಿ. ಬರದಾಕಿ ನಾನ. ಇವತ್ತ ಅಳಿಸಿದಾಕಿನೂ ನಾನ. ಈಗ ನೀವು ಕುಡಿದ ನೀರು ಯಲಬುರ್ಗಾದಿಂದ ತರಿಸಿದ್ದು. ಈ ಹುಡುಗ ಗುಟ್ಕಾ ತಿನ್ನಂಗಿಲ್ರಿ, ಇಲ್ಲೇ ಹುಟ್ಯಾನ, ಅಷ್ಟ."

ಅತ್ತೆ ನನ್ನನ್ನು ನೋಡಿದ ನೋಟವನ್ನು ಬರೆಯುವುದು ಬೇಡ. ವಿರೂಪಾಕ್ಷಮ್ಮ ಮಗಳ ಹಲ್ಲು ನೋಡಿದರು, ಆಮೇಲೆ ನನ್ನ ಹಲ್ಲು ನೋಡಿದರು.

"ನೀ ಯಾ ಊರಾಕಿ?"

"ನಿಮ್ಮ ಕಡೆಯಾಕೀನ್ರಿ. ಕಾಲುವಿ ಊರು."

"ನಿನಗ ಯಾರೂ ಹೇಳಿದ್ದಿಲ್ಲೇನವ್ವ?"

"ಇಲ್ರಿ."

ಅವರು ಊಟ ಮಾಡಿದರು. ಮನೆ ನೋಡಲು ಬಂದವರು ಉಣ್ಣದೆ ಹೋಗಬಾರದೆಂದು ಉಂಡರು, ಅಷ್ಟೆ. ಹೋಗುವಾಗ ಕೊಟ್ರೇಶಪ್ಪ "ಹೇಳಿ ಕಳಿಸ್ತೀವ್ರಿ" ಎಂದರು. ಆ ಮಾತಿನ ಅರ್ಥ ನಮಗೆಲ್ಲ ಗೊತ್ತು. ತಿರುಮಲೇಶ ಅವರನ್ನು ಬಸ್ಸಿಗೆ ಬಿಟ್ಟುಬಂದು ಚಪ್ಪಲಿ ಬಿಡುತ್ತ, "ಛಲೋ ಆತು ಬಿಡು ಅತ್ತಿಗಿ, ಇಲ್ಲದ ಗುಟ್ಕಾ ಬಿಡೋದು ತಪ್ಪಿತು" ಎಂದ. ನಗಿಸಲು ಹೇಳಿದ್ದ, ಆದರೆ ನನ್ನ ಮುಖ ನೋಡದೆ ಒಳಗೆ ಹೋದ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ಗಂಗಾವತಿ ನನಗೆ ಮತ್ತೆ ದೂರವಾಗಿತ್ತು.

ಹೊಸ್ತಿಲ ಮೇಲೆ ಕೂತು ಪುಟ ತೆರೆದೆ. ಅಳಿಸಿದ್ದನ್ನು ವಾಪಸು ಹಾಕಿದೆ. ಕಾರಣದ ಖಾನೆಯಲ್ಲಿ "ಶುದ್ಧ ನೀರು ಬಂದಿಲ್ಲ. ನಾನು ಸುಳ್ಳು ಹೇಳಿದ್ದೆ" ಎಂದು ಬರೆದು ಒತ್ತಿದೆ. ಹುಲಗೆಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಮಕ್ಕಳ ಹಲ್ಲಿನ ಮೇಲೆ... ಅವ್ವಾ, ಇದು ನಂದನ?"

"ಹೂಂ, ನಿಂದ."

"ಇದನ್ನ ಎಲ್ಲಾರೂ ಓದತಾರ?"

"ಓದತಾರ."

ಅವಳು ಆ ಸಾಲನ್ನು ಬೆರಳಿನಿಂದ ಮುಟ್ಟಿದಳು.

"ಎಲ್ಲಾರಿಗೂ ಗೊತ್ತಾತಲ್ಲ. ಹಂಗಾರ ಈಗ ನಗಬೌದಾ?"