ಹೂವಿನ ಪಕ್ಕದ ಸ್ಕೇಲು

ಹೈದರಾಬಾದಿನ ಅಂಚಿನ ಬಂಡೆಗುಡ್ಡದ ಬುಡದಲ್ಲಿ ಗಾರೆ ಕೆಲಸದ ಮಾಪಣ್ಣನ ಗುಡಿಸಲು. ಪ್ರತಿ ಭಾನುವಾರ ಗುಡ್ಡದ ಕಾಲುದಾರಿಗೆ ಕ್ಯಾಮೆರಾ ಹಿಡಿದು ಬರುವ ಬೀದರಿನ ಸಪ್ನಾಳ ಮೇಲೆ ಅವನಿಗೆ ಗುಮಾನಿ. ಫೋಟೋ ತೆಗೆಯುವಾಗ ಅವಳು ಪ್ರತಿ ನೀಲಿ ಕಾಡುಹೂವಿನ ಪಕ್ಕ ಸ್ಕೇಲು ಇಡುತ್ತಿದ್ದಳು. ಹೂವಿಗೇನು ಅಂಗಿ ಹೊಲಿಸುತ್ತಾಳೆಯೇ? ಮೊದಲು ಫೋಟೋ, ಆಮೇಲೆ ಅಳತೆ, ಕೊನೆಗೆ ಗುಡಿಸಲು ಕೆಡವುವ ಜೆಸಿಬಿ. ಇಪ್ಪತ್ತು ವರ್ಷದಿಂದ ಅವನು ನೋಡಿದ್ದೇ ಇದು.

ಈ ಭಾನುವಾರ ಅವಳು ಬರುವ ಮುಂಚೆಯೇ ದಾರಿಯುದ್ದದ ನೀಲಿ ಹೂಗಿಡಗಳನ್ನೆಲ್ಲ ಬೇರುಸಮೇತ ಕಿತ್ತೆಸೆದ.

ಬರಿದಾದ ದಾರಿ ಕಂಡು ಸಪ್ನಾ ಕಿತ್ತ ಗಿಡಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಈಗ ಏನ್ ಅಳತಿ ತಗೋತೀಯವ್ವಾ?" ಎಂದ ಮಾಪಣ್ಣ.

"ಗುಡ್ಡ ಒಡೀಬಾರದಂತ ಕೋರ್ಟಿಗೆ ಹೋಗೀವ್ರಿ ಕಾಕಾ. ಈ ಹೂ ಬ್ಯಾರೆ ಎಲ್ಲೂ ಇಲ್ಲಂತ ತೋರ್ಸಾಕ ಫೋಟೋ, ಅಳತಿ. ನಾಳೆ ಕೋರ್ಟಿನ ಸಾಹೇಬ್ರು ನೋಡಾಕ ಬರ್ತಾರ."

ಮಾಪಣ್ಣ ಓಡಿಹೋಗಿ ಕರಣೆ, ನೀರಿನ ಕೊಡ ತಂದು ಕಿತ್ತ ಗಿಡಗಳನ್ನು ನೆಡತೊಡಗಿದ. ಎಷ್ಟೋ ಗೋಡೆ ನಿಲ್ಲಿಸಿದ ಕೈಗೆ ಒಂದು ಗಿಡವೂ ನಿಲ್ಲಲಿಲ್ಲ.