ಎರಡನೆಯ ಬಿಗಿತ

ಬಲಗಾಲಿನ ಬೂಟು ರಿಕಾಪಿನಲ್ಲಿ, ಸವಾರ ಕಾಲಿಡುವ ಕಬ್ಬಿಣದ ಬಳೆಯಲ್ಲಿ, ನಿಲ್ಲಲಿಲ್ಲ. ಲಾಯದ ಮುದುಕ ಅದನ್ನು ಮತ್ತೆ ತೆಗೆದು, ಹಿಮ್ಮಡಿ ಮುಂದಾಗುವಂತೆ ತಿರುಗಿಸಿ ಸಿಕ್ಕಿಸಿದ. ಸತ್ತ ಸವಾರನ ಬೂಟುಗಳು ಹಿಂದುಮುಂದಾಗಿ, ಅವನದೇ ಕುದುರೆಯ ಮೇಲೆ ಶವಪೆಟ್ಟಿಗೆಯ ಹಿಂದೆ ಹೋಗಬೇಕು. ಅದು ಅಶ್ವದಳದ ಕ್ರಮ. ಬೂಟು ಮತ್ತೆ ಜಾರಿತು.

"ದಾರ ಕಟ್ಟಿ, ತಾತ," ಎಂದಳು ಮೇಜರನ ಹೆಂಡತಿ.

"ಕಟ್ತೀನಮ್ಮಾ." ಮುದುಕ ದಾರ ಹುಡುಕಲಿಲ್ಲ. "ಸಾಹೇಬ್ರನ್ನ ಮಣ್ಣು ಮಾಡಿ ಬಂದ ಕೂಡ್ಲೇ ಮೊಂಡನಿಗೆ ಗುಂಡು ಹಾಕಿಸ್ತಾರಂತೆ. ನಿಮ್ಮ ಅತ್ತೆಯವರ ಅಪ್ಪಣೆ. ಕುದುರೆ ಡಾಕ್ಟ್ರು ಪಿಸ್ತೂಲು ತಂದು ಕೂತಿದ್ದಾರೆ."

ಮೊಂಡ ಎಂದರೆ ಆ ಕಂದು ಕುದುರೆ. ಮೊನ್ನೆ ಬೆಳಿಗ್ಗೆ ಅಭ್ಯಾಸದ ಮೈದಾನದಲ್ಲಿ ಮೂರನೆಯ ಬೇಲಿ ಹಾರುವಾಗ ಮೇಜರ್ ಅದರ ಮೇಲಿಂದ ಬಿದ್ದಿದ್ದ. ಮೂವತ್ತೇಳು ವರ್ಷ, ಎರಡು ಯುದ್ಧ, ಮೂರು ಪದಕ. ಕತ್ತು ಮುರಿದಿತ್ತು.

"ಜೀನು ನಾನೇ ಸರಿಯಾಗಿ ಬಿಗಿಲಿಲ್ಲ ಅಂದ್ಬಿಡ್ತೀನಿ," ಮುದುಕ ಗೋಡೆಗೆ ಹೇಳುವಂತೆ ಹೇಳಿದ. "ನನಗೇನು ಗುಂಡು ಹಾಕಿಸ್ತಾರಾ? ಹೆಚ್ಚೆಂದ್ರೆ ಓಡಿಸ್ತಾರೆ. ಹೇಗೂ ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ."

"ನೀವು ಬಿಗಿದಿರಲಿಲ್ವಾ?"

"ಬಿಗಿದಿದ್ದೆ ಕಣಮ್ಮಾ. ಮೊದಲನೇದು ನಂದು. ಎರಡನೇದು ಸಾಹೇಬ್ರದು."

ಅವಳು ಬೂಟನ್ನು ನೆಟ್ಟಗೆ ಹಿಡಿದುಕೊಂಡು ನಿಂತಳು. ಮುದುಕ ದಾರ ತಂದ.

*

ಮದುವೆಯಾದ ಹೊಸತರಲ್ಲಿ ಗಂಡ ಅವಳಿಗೆ ಅದನ್ನು ತೋರಿಸಿದ್ದ. ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಎಳೆಯುವಾಗ ಮೊಂಡ ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತಿತ್ತು. ಹತ್ತು ಹೆಜ್ಜೆ ನಡೆಸಿದರೆ ಉಸಿರು ಬಿಡುತ್ತಿತ್ತು, ಜೀನು ಸಡಿಲವಾಗುತ್ತಿತ್ತು. ಆಗ ಇನ್ನೆರಡು ತೂತು ಎಳೆಯಬೇಕು. ಆ ಎರಡನೆಯ ಬಿಗಿತ ಸವಾರನದೇ ಕೆಲಸ. ಬೇರೆಯವರು ಕೈಹಾಕಿದರೆ ಅವನಿಗೆ ಅವಮಾನ.

"ಬೀಗರ ಹಾಗೆ," ಅವನು ನಕ್ಕಿದ್ದ. "ಬಂದ ಕೂಡ್ಲೇ ಉಬ್ಬಿರ್ತಾರೆ. ಹತ್ತು ಹೆಜ್ಜೆ ಸುತ್ತಾಡಿಸಿದ್ರೆ ಸರಿ ಹೋಗ್ತಾರೆ."

ಆ ದಿನವೇ ಅವಳು ದೊಡ್ಡ ಪದಕದ ಬಗ್ಗೆ ಕೇಳಿದ್ದು. ಹೊಳೆಯಾಚೆ ಗುಂಡು ಹಾರುತ್ತಿದ್ದಾಗ ಹಿಂದಕ್ಕೆ ಹೋಗಿ, ಗಾಯಗೊಂಡ ಇಬ್ಬರನ್ನು ಕರೆತಂದದ್ದಕ್ಕೆ ಕೊಟ್ಟದ್ದು.

"ತಿರುಗಿದ್ದು ನಾನಲ್ಲ, ಮೊಂಡ. ಅವನ ಜೋಡಿ ಕುದುರೆ ಆಚೆ ದಡದಲ್ಲೇ ಉಳಿದಿತ್ತು. ನಾನು ಲಗಾಮು ಎಳೆದೇ ಎಳೆದೆ, ಕೇಳಬೇಕಲ್ಲ! ಅಷ್ಟು ದೂರ ಹೋದಮೇಲೆ ಬರಿಗೈಲಿ ಬರೋಕಾಗುತ್ತಾ? ಇಬ್ಬರನ್ನ ಎತ್ತಿ ಹಾಕ್ಕೊಂಡೆ."

"ಹಾಗಾದ್ರೆ ಪದಕ?"

"ಅವನ ಎದೆಗೆ ಚುಚ್ಚೋಕಾಗಲ್ವಲ್ಲ."

*

ಹಜಾರದಲ್ಲಿ ಶವಪೆಟ್ಟಿಗೆಯ ಮೇಲೆ ಕತ್ತಿ, ಪದಕಗಳು. ಗೋಡೆಯ ಮೇಲೆ ಐದು ತಲೆಮಾರಿನ ಗಂಡಸರು, ಐವರೂ ಕುದುರೆಯ ಮೇಲೆ. ದಳದ ಕರ್ನಲ್ ತಾನು ಸಮಾಧಿಯ ಬಳಿ ಓದಬೇಕಾದ ಕಾಗದವನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದ. ಕುದುರೆ ಡಾಕ್ಟರು ಪಿಸ್ತೂಲಿನ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮೂರು ವರ್ಷದವನಿದ್ದಾಗ ಮೇಕೆ ಹತ್ತಿದ್ದ," ಎಂದಳು ಮೇಜರನ ಚಿಕ್ಕಮ್ಮ. "ಆ ಮೇಕೆ ಸೀದಾ ಅಡುಗೆಮನೆಗೆ ನುಗ್ತು. ಹಾಲಿನ ಪಾತ್ರೆ ಒಂದೂ ಉಳೀಲಿಲ್ಲ."

"ಆಗಲೂ ಬೀಳಲಿಲ್ಲ," ಎಂದರು ಅವನ ತಾಯಿ. ಮೊನ್ನೆಯಿಂದ ಅವರ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. "ಮೇಕೆ ಮೇಲಿಂದಲೂ ಬೀಳದೆ ಇದ್ದವನು. ಆ ಪ್ರಾಣಿ ಬೀಳಿಸ್ತು. ಅವನು ಮಣ್ಣಲ್ಲಿ ಮಲಗಿರುವಾಗ ಅದು ಹುಲ್ಲು ತಿನ್ನಕೂಡದು."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಬೂಟಿನ ಕಪ್ಪು ಬಣ್ಣ ಮೆತ್ತಿತ್ತು.

"ಅತ್ತೆ, ಅವರು ಎರಡನೇ ಸಲ ಬಿಗಿಲಿಲ್ಲ."

"ಏನಂದೆ?"

"ಪಟ್ಟಿಗೆ ಕೈಹಾಕಿದ್ರು. ಆಗಲೇ ನಾನು ಕಿಟಕಿಯಿಂದ ಕೂಗಿದೆ. ತಲೆಯೆತ್ತಿ ನೋಡಿದ್ರು, ಆಯ್ತು ಅಂತ ಕೈಬೀಸಿದ್ರು, ಹಾಗೇ ಹತ್ತಿ ಹೊರಟುಬಿಟ್ರು. ನಾನು ನೋಡ್ತಾನೇ ಇದ್ದೆ. ನನಗೂ ಹೊಳೀಲಿಲ್ಲ."

ಚಿಕ್ಕಮ್ಮನ ಕೈ ಬಾಯಿಗೆ ಹೋಯಿತು. ಕರ್ನಲ್ ಕಾಗದವನ್ನೇ ನೋಡತೊಡಗಿದ. ಹಜಾರದಲ್ಲಿದ್ದ ಪ್ರತಿಯೊಬ್ಬರಿಗೂ ಎರಡನೆಯ ಬಿಗಿತವೆಂದರೇನೆಂದು ಗೊತ್ತಿತ್ತು. ಅದನ್ನು ಮರೆಯುವುದು ಹೊಸದಾಗಿ ಸೇರಿದವರು, ಈ ಮನೆಯವರಲ್ಲ.

ಅತ್ತೆ ಎದ್ದು ನಿಂತರು. "ಯಾಕೆ ಕೂಗಿದೆ?"

"ಬಚ್ಚಲುಮನೆ ಚಿಲಕ ಕಿತ್ತುಹೋಗಿತ್ತು. ಬರೋವಾಗ ಬಡಗಿಗೆ ಹೇಳಿ ಬನ್ನಿ ಅಂದೆ."

ಹೊರಗೆ ಸೈನಿಕರು ಸಾಲುಗಟ್ಟುವ ಸದ್ದು ಕೇಳುತ್ತಿತ್ತು. ಅತ್ತೆ ಸೊಸೆಯ ಹತ್ತಿರ ಬಂದರು.

"ಬಡಗಿ ಬಂದನಾ?"

"ಇಲ್ಲ."

ಅತ್ತೆ ತಲೆಯಾಡಿಸಿದರು. ಆಮೇಲೆ ಕುದುರೆ ಡಾಕ್ಟರ ಕಡೆ ತಿರುಗಿದರು. "ನೀವು ಮನೆಗೆ ಹೊರಡಿ. ಆ ಪೆಟ್ಟಿಗೇನೂ ತಗೊಂಡು ಹೋಗಿ. ಕುದುರೆ ಇರಲಿ."

*

ಗಾಡಿಯ ಮೇಲೆ ಶವಪೆಟ್ಟಿಗೆ, ಅದರ ಹಿಂದೆ ಮೊಂಡ, ಮೊಂಡನ ಹಿಂದೆ ಅತ್ತೆ, ಸೊಸೆ. ಅವರ ಹಿಂದೆ ಇಡೀ ದಳ ಒಂದೇ ಹೆಜ್ಜೆಯಲ್ಲಿ ಬರುತ್ತಿತ್ತು. ಸೊಸೆ ಒಂದು ತೋಳಿನಷ್ಟು ದೂರ ಬಿಟ್ಟು ನಡೆಯುತ್ತಿದ್ದಳು. ಅತ್ತೆ ಕರೆಯಲಿಲ್ಲ, ಹೋಗೆನ್ನಲೂ ಇಲ್ಲ.

ಅಂಗಡಿ ಬೀದಿಯ ತಿರುವಿನಲ್ಲಿ ಮೊಂಡ ಬಾಲ ಎತ್ತಿತು. ಲಗಾಮು ಹಿಡಿದಿದ್ದ ಮುದುಕ ನಾಚಿಕೆಯಿಂದ ಹಿಂದಿರುಗಿ ನೋಡಿದ. ಇಕ್ಕೆಲದಲ್ಲಿ ಟೋಪಿ ತೆಗೆದು ನಿಂತಿದ್ದ ಜನ ಬೇರೆ ಕಡೆ ನೋಡಿದರು. ಕರ್ನಲ್ ಮುಂದೆ ಬಂದು, ಪಕ್ಕಕ್ಕೆ ದಾರಿ ತೋರಿಸಲು ಕೈ ಚಾಚಿದ.

ಅತ್ತೆ ಆ ಕೈಯನ್ನು ನೋಡಲಿಲ್ಲ. ಹೆಜ್ಜೆ ತಪ್ಪಿಸದೆ, ಹಬೆಯಾಡುತ್ತಿದ್ದ ಲದ್ದಿಯ ಮೇಲೆ ಮೊದಲು ಎಡಗಾಲು, ಆಮೇಲೆ ಬಲಗಾಲು ಇಟ್ಟು ನೆಟ್ಟಗೆ ನಡೆದರು. ಸೊಸೆ ಅವರ ಪಕ್ಕಕ್ಕೆ ಬಂದು, ತಾನೂ ಅದರ ಮೇಲೇ ಕಾಲಿಟ್ಟಳು.